ಮೇಸ್ತ್ರಿಯ ಕಿವಿಗೆ ಬಿದ್ದ ಮಾತು

ಹೊಸದಾಗಿ ಬಂದ ನರ್ಸುಗಳು ಸೂಜಿ ಚುಚ್ಚುವುದರಲ್ಲಿ ತಪ್ಪುತ್ತಾರೆಂದು ಎಲ್ಲರಿಗೂ ಹೆದರಿಕೆ. ಸೂಜಿ ನಾಲ್ಕು ದಿನದಲ್ಲಿ ಕೈಗೆ ಕೂರುತ್ತದೆ. ಹಿಡಿತಕ್ಕೆ ಬಾರದಿರುವುದು ಬಾಯಿ. ಮಂಚದ ಮೇಲೆ ಮಲಗಿದವರನ್ನು ಬಿಟ್ಟು ಪಕ್ಕದಲ್ಲಿ ನಿಂತವರನ್ನು ಕೇಳುತ್ತಾರೆ. ಮಲಗಿದವರು ಹೇಳಿದ್ದನ್ನು ನಿಂತವರಿಗೆ ಒಪ್ಪಿಸುತ್ತಾರೆ. ಈ ಎರಡೂ ತಪ್ಪನ್ನು ಒಂದೇ ಮಧ್ಯಾಹ್ನ ಕಂಡವಳು ನಾನು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗಣಿ ಜೋರಾಗಿದ್ದ ಕಾಲ. ನಾನು ಹಿರಿಯ ನರ್ಸಾಗಿದ್ದ ಹೊಸಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಕಿಟಕಿ ಒರೆಸಿದ ಬಟ್ಟೆಯೂ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಸಂಡೂರಿನ ಕಡೆ ಅದಿರು ಒಡೆಯುತ್ತಿದ್ದ ಹೆಂಗಸೊಬ್ಬಳನ್ನು ಅವಳ ಮೇಸ್ತ್ರಿ ಜೀಪಿನಲ್ಲಿ ಕರೆತಂದ. ಅದಿರಿನ ರಾಶಿಯಿಂದ ಜಾರಿ ಸೊಂಟಕ್ಕೆ ಪೆಟ್ಟಾಗಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಲು ಹೇಳಿದರು. ತರಬೇತಿ ಮುಗಿಸಿ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳಿದ್ದಳು ನಮ್ಮಲ್ಲಿ. ಎಕ್ಸ್‌ರೇಗೆ ಮುಂಚೆ ಬಸುರಿಯೇ ಎಂದು ಕೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ಆದರೆ ಕೇಳಿದ್ದು ಮೇಸ್ತ್ರಿಯನ್ನು!

“ಏ, ಅಂಥಾದ್ದೇನಿಲ್ರಿ ಸಿಸ್ಟರ್. ಜಲ್ದಿ ಮಾಡ್ರಿ, ಜೀಪು ವಾಪಸ್ ಹೋಗಬೇಕು,” ಎಂದ ಅವನು.

ಅವಳ ಹೊಟ್ಟೆಯ ಸುದ್ದಿ ಹೇಳಲು ಇವನ್ಯಾರು? ಗಂಡನೇ, ಅಣ್ಣನೇ? ಗಣಿ ಕೆಲಸದವರ ವಿಷಯದಲ್ಲಿ ಅದೊಂದು ಪದ್ಧತಿಯೇ ಆಗಿಹೋಗಿತ್ತು. ಕರೆತಂದವನೇ ಅವರ ಹೆಸರು ಹೇಳುವವನು, ಊರು ಹೇಳುವವನು, ನೋವು ಎಷ್ಟಿದೆ ಎಂದು ಹೇಳುವವನೂ ಅವನೇ. ನಮ್ಮವರೂ ಬಿಲ್ಲು ಕಟ್ಟುವವನ ಮುಖ ನೋಡಿಯೇ ಮಾತಾಡುತ್ತಿದ್ದರು, ನಾಚಿಕೆಗೆಟ್ಟವರು.

ನಾನು ಅವನನ್ನು ಹೊರಗೆ ಕಳಿಸಿ, “ಈಗ ಆಕೀನ್ನ ಕೇಳು,” ಎಂದು ಹುಡುಗಿಗೆ ಹೇಳಿದೆ.

ಹೆಂಗಸು ಬಾಗಿಲ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು: “ಮೂರು ತಿಂಗಳಾಗ್ಯಾವ. ಗೊತ್ತಾದ್ರ ಕೆಲಸದಿಂದ ತೆಗಿತಾರ. ಯಾರಿಗೂ ಹೇಳಬ್ಯಾಡ್ರೆವ್ವ.”

ಎಕ್ಸ್‌ರೇ ನಿಲ್ಲಿಸಿ, ವಿಷಯ ತಿಳಿಸಲು ನಾನು ಡಾಕ್ಟರ ಕೋಣೆಗೆ ಹೋದೆ. ಅಷ್ಟರಲ್ಲಿ ಮೇಸ್ತ್ರಿ ಯಾಕಿಷ್ಟು ತಡ ಎಂದು ಇಣುಕಿದ್ದಾನೆ. ನಮ್ಮ ಹುಡುಗಿಯ ದನಿ ಡಾಕ್ಟರ ಕೋಣೆಯವರೆಗೂ ಕೇಳಿಸಿತು. “ಎಕ್ಸ್‌ರೇ ಆಗಂಗಿಲ್ರಿ, ಆಕಿ ಬಸರಿ ಅದಾಳ!”

ನಾನು ಓಡಿಬಂದೆ. “ಹಂಗಾರ ಇನ್ನ ಕೆಲಸಕ್ಕ ಬರಬ್ಯಾಡ ಅನ್ರಿ,” ಎಂದ ಅವನು. ಅದನ್ನೂ ಅವಳ ಮುಖ ನೋಡಿ ಹೇಳಲಿಲ್ಲ, ನಮ್ಮ ಹುಡುಗಿಗೆ ಹೇಳಿದ! ನಿಮ್ಮ ಕೆಲಸ ಮಾಡುವಾಗಲೇ ಬಿದ್ದವಳಲ್ಲವೇನಯ್ಯ ಎಂದು ನಾನು ಕೂಗಾಡಿದೆ. ಅವನು ತಿರುಗಿಯೂ ನೋಡದೆ ಹೊರಟುಹೋದ.

ಆ ಸಿಟ್ಟೆಲ್ಲ ಹುಡುಗಿಯ ಮೇಲೆ ತಿರುಗಿತು. “ಡಂಗುರ ಹೊಡಿಯಾಕ ನಿನಗ ಪಗಾರ ಕೊಡ್ತಾರೇನು?”

“ಅವರು ಕೇಳಿದ್ರಕ್ಕ, ಅದಕ್ಕ ಹೇಳಿದೆ,” ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಮಂಚದ ಮೇಲಿನ ಹೆಂಗಸು ಅಳಲಿಲ್ಲ. ಹುಡುಗಿಯ ಕೈ ಹಿಡಿದು ಕೇಳಿದಳು: “ಅವಗ ಹೇಳೋದಾಗಿದ್ರ ನಾನ ಹೇಳ್ತಿದ್ನಲ್ಲವ್ವ? ನಿನ್ನ ನಂಬಿ ನಿನಗ ಹೇಳಿದ್ದೆ.”