ಬೀಸುವ ಕಲ್ಲು ನಿಲ್ಲುವವರೆಗೆ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತರರು ಕಾದಂಬರಿ ಬರೆಯುತ್ತಿದ್ದರು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಹಳೆಯ ಉತ್ತರಪತ್ರಿಕೆಗಳಲ್ಲಿ ಹುಡುಗರು ಖಾಲಿ ಬಿಟ್ಟ ಪುಟಗಳೇ ಅವರಿಗೆ ಆಧಾರ.

ಬರೆದದ್ದನ್ನು ಮೊದಲು ಓದಿ ಹೇಳುತ್ತಿದ್ದುದು ಅಕ್ಷರ ಬಾರದ ನನ್ನ ಅತ್ತೆಗೆ. ಬೆಳಿಗ್ಗೆ ಅತ್ತೆ-ಸೊಸೆ ನಾವಿಬ್ಬರೂ ಜೋಳ ಬೀಸಲು ಕೂತರೆ ಅವರು ಹೊಸ್ತಿಲಾಚೆ ಕೂತು ಓದುವರು. ಕಥೆ ಹಿಡಿಸಿದರೆ ಅತ್ತೆಯ ಕೈ ತಾನಾಗಿ ನಿಲ್ಲುತ್ತಿತ್ತು. ಕಲ್ಲು ತಿರುಗುತ್ತಲೇ ಇದ್ದರೆ ಮಾಸ್ತರರು ಹಾಳೆ ಮಡಚಿ, "ಇನ್ನೊಮ್ಮೆ ಬರೀತೇನ್ರಿ" ಎಂದು ಎದ್ದುಬಿಡುವರು.

ಕೊನೆಯ ಅಧ್ಯಾಯದಲ್ಲಿ ನಾಯಕಿ ಗಂಡನ ಹೊಡೆತ ತಾಳದೆ, ಬೀಸುವುದನ್ನು ಅರ್ಧಕ್ಕೇ ಬಿಟ್ಟು ಮನೆಯಿಂದ ಹೊರಟುಹೋಗುತ್ತಾಳೆ. ತಿದ್ದಿ ತಿದ್ದಿ ಐದು ಸಲ ಓದಿದರೂ ಕಲ್ಲು ನಿಲ್ಲಲಿಲ್ಲ.

"ಏನ್ ತಪ್ಪೈತಿ ಹೇಳ್ರಿ, ಅವ್ವಾರ."

"ಹಿಟ್ಟು ಹಂಗ ಬಿಟ್ಟು ಹೋದಾಕಿ ಸಂಜಿಗೆ ತಿರುಗಿ ಬರ್ತಾಳ್ರಿ, ಮಾಸ್ತರ," ಎಂದರು ಅತ್ತೆ. "ನಾನೂ ಒಮ್ಮಿ ಹಂಗ ಹೋಗಿ ಬಂದೇನಿ."

ಅತ್ತೆ ಮನೆ ಬಿಟ್ಟು ಹೋಗಿದ್ದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿರಲಿಲ್ಲ.

ಮರುದಿನ ಮಾಸ್ತರರು ಬರಿಗೈಯಲ್ಲಿ ಬಂದರು. "ಸ್ವಲ್ಪ ಸರೀರಿ" ಎಂದವರೇ ಕಲ್ಲಿನ ಗೂಟ ಹಿಡಿದು ಒಂದು ಸೇರು ಜೋಳ ತಾವೇ ಬೀಸಿದರು. ಅಂಗೈಯಲ್ಲಿ ಗುಳ್ಳೆ ಎದ್ದವು. ಹಿಟ್ಟು ಬಳಿದು ಗಡಿಗೆಗೆ ತುಂಬಿದ ಮೇಲೆಯೇ ಮೇಲೆದ್ದರು.

ಅದರ ಮಾರನೆಯ ದಿನ ಆರನೆಯ ಸಲ ಓದಿದರು. ಈಗ ನಾಯಕಿ ಪೂರ್ತಿ ಬೀಸಿ, ಹಿಟ್ಟು ತುಂಬಿ, ಕಲ್ಲನ್ನು ಸ್ವಚ್ಛವಾಗಿ ಒರೆಸಿ, ಬಾಗಿಲು ದಾಟಿದಳು.

ಕಲ್ಲು ನಿಂತಿತು.

"ಈಗ ಹೋದ್ಲು," ಎಂದರು ಅತ್ತೆ.