ಕರೆಯಲು ಬರುತ್ತಿದ್ದ ಆಯಿ

ತೊಂಬತ್ತರ ದಶಕದ ಬೈಲಹೊಂಗಲ. ನಮ್ಮ ಓಣಿಯ ಯಾವ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಹೆಂಗಸರನ್ನು ಕರೆಯಲು ಬರುತ್ತಿದ್ದವಳು ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಅದೇ ಮುದುಕಿ. ಹೊಸ್ತಿಲಾಚೆ ನಿಂತು ಮನೆಯ ಹಿರಿಯಳನ್ನು ಕೂಗಿ, ಸೆರಗನ್ನು ಕಿವಿಯ ಹಿಂದೆ ಸರಿಸುವಳು. "ಬರತೇನಿ" ಎಂಬ ಉತ್ತರ ಕೇಳದೆ ಕದಲುತ್ತಿರಲಿಲ್ಲ. ಕರೆಯುವಾಗ ಒಂದು ಮನೆ ಬಿಟ್ಟರೆ ಜನ್ಮವಿಡೀ ಮಾತು ಬಿಡುವ ಊರು ಅದು.

ನಮ್ಮ ಅಜ್ಜಿ ತೀರಿಕೊಂಡ ಮೇಲೂ ಆಯಿ ಬಂದಳು.

"ದೊಡ್ಡವ್ವಾರ, ಸಂಜಿಗೆ ತೊಟ್ಟಿಲಕ್ಕ ಬರ್ರಿ!"

ಅವ್ವ ಹೊರಗೆ ಬಂದಳು. "ನಮ್ಮತ್ತಿ ಹೋಗಿ ವರ್ಷಾತಲ್ರಿ ಆಯಿ, ಮರತ್ರೇನ?"

"ಹೆಂಗ ಮರೀಲೆವ್ವಾ? ಕಡೀ ಜಳಕಾ ಮಾಡಿಸಿದಾಕಿ ನಾನ. ಕರೀಲಿಲ್ಲಂದ್ರ ಅವರಿಗೆ ಸಿಟ್ಟು ಬರೂದಿಲ್ಲೇನ?"

ಆಯಿ ಪಡಸಾಲೆಯಲ್ಲಿದ್ದ ಅಜ್ಜಿಯ ಖಾಲಿ ತೂಗುಮಂಚವನ್ನೇ ನೋಡುತ್ತ ಸೆರಗನ್ನು ಕಿವಿಯ ಹಿಂದೆ ಸರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿ, "ಬರತಾರಂತ" ಎಂದವಳೇ ಪಕ್ಕದ ಮನೆಗೆ ನಡೆದಳು.

"ಮುದುಕಿಗೆ ಅರಳು ಮರಳು" ಎಂದು ಅವ್ವ ದಿನವೆಲ್ಲ ನಗಾಡಿದಳು. ಸಂಜೆ ಇಳಕಲ್ಲ ಸೀರೆಯುಟ್ಟು ಹೊರಟವಳು ಬಾಗಿಲಿಗೆ ಕೀಲಿ ಹಾಕುವ ಮುಂಚೆ ಒಂದು ಗಳಿಗೆ ತಡೆದಳು. ಒಳಗಿನ ತೂಗುಮಂಚದ ಕಡೆ ತಿರುಗಿ, ಎಂದಿನ ದನಿಯಲ್ಲೇ ಅಂದಳು:

"ನಡೀರಿ ಅತ್ತಿ, ಹೊತ್ತಾತು."