ತಿರುಗಿ ಬರಬೇಕಿದ್ದ ಬೆಳಕು

ಬೇಕಾದಷ್ಟು ವೋಲ್ಟೇಜ್ ಕೊಡುವ ಈ ಹಳೇ ಪವರ್ ಸಪ್ಲೈ ಪೆಟ್ಟಿಗೆಗೆ ಮೊನ್ನೆ ನಂಜನಗೂಡಿನ ಗುಜರಿಯಲ್ಲಿ ಎರಡು ಸಾವಿರ ಕೊಟ್ಟೆ. ಅರ್ಧಕ್ಕೆ ಕೇಳಿದ್ದರೂ ಗುಜರಿಯವನು ಕೊಡುತ್ತಿದ್ದ. ಪರೀಕ್ಷೆಗೆಂದು ಸ್ವಿಚ್ ಹಾಕಿದಾಗ ಒಳಗಿನ ವಾರ್ನಿಷ್ ಬಿಸಿಯಾದ ವಾಸನೆ ಬಂತು ನೋಡಿ, ಅಲ್ಲಿಗೆ ನನ್ನ ಚೌಕಾಶಿ ಬಾಯಿ ಕಟ್ಟಿಹೋಯಿತು. ತಿ. ನರಸೀಪುರದ ಮೇಷ್ಟ್ರ ಮನೆಯ ವಾಸನೆ ಅದು...

ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಫ್ಯಾಕ್ಟರಿಗಳಲ್ಲಿ ಕಳಚಿದ ಮೀಟರು ಗೀಟರು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆ. ಮೇಷ್ಟ್ರಿಗೆ ವ್ಯಾಪಾರ ಬಾರದು. ಹೇಳಿದ ಬೆಲೆಗೆ ತಲೆಯಾಡಿಸಿಬಿಡುವರು. ಹಾಗಾಗಿ ಸಾಮಾನನ್ನು ನಾನೇ ಮನೆಗೆ ಒಯ್ದು ಕೂರಿಸಿಕೊಡುತ್ತಿದ್ದೆ.

ಅವರ ಪಿಎಚ್.ಡಿ. ನಿಂತಿದ್ದದ್ದು ಉಗುರಿನಷ್ಟು ಅಗಲದ ಒಂದು ಚಿಪ್ ಮೇಲೆ. ಅರೆವಾಹಕದ ಆ ತುಣುಕಿನೊಳಗೆ ಬೆಳಕು ಹರಿಯಲು ಕೂದಲಿಗಿಂತ ಸಣ್ಣ ದಾರಿ.

"ನಾಲೆ ಅಂದ್ಕೊಳ್ಳಿ, ವೋಲ್ಟೇಜೇ ಅದಕ್ಕೆ ತೂಬು," ಎಂದಿದ್ದರು. "ಏರಿಸ್ತಾ ಹೋದ್ರೆ, ಮುಂದಕ್ಕೆ ಹೋಗೋ ಬೆಳಕು ತಿರುಗಿ ವಾಪಸ್ ಬರ್ತದೆ. ಅಲ್ಲಿಗೇ ನಿಲ್ಲಿಸ್ಬೇಕು. ಮೀರಿದ್ರೆ ಚಿಪ್ಪೇ ಸುಟ್ಟೋಯ್ತದೆ."

ಅವರ ಗೈಡು ಅದನ್ನು ಎಲ್ಲಿಂದಲೋ ಎರವಲು ತಂದುಕೊಟ್ಟಿದ್ದರು. ಇನ್ನೊಂದು ಸಿಗುವ ಹಾಗಿರಲಿಲ್ಲ. ಪಿಎಚ್.ಡಿ.ಯ ಅವಧಿಯೂ ಮುಗಿಯುತ್ತ ಬಂದಿತ್ತು.

ಆ ಮಧ್ಯಾಹ್ನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದರು. ಬೆಳಕು ದಾರಿ ತಪ್ಪದಂತೆ ಮೇಷ್ಟ್ರು ಸೂಕ್ಷ್ಮದರ್ಶಕದಲ್ಲೇ ಕಣ್ಣಿಟ್ಟು, ನಾನು ಮಾರಿದ ಪವರ್ ಸಪ್ಲೈಯ ವೋಲ್ಟೇಜ್ ನಾಬ್ ತಿರುಗಿಸಬೇಕು. ಪಕ್ಕದಲ್ಲಿ ಅವರ ಹೆಂಡತಿ ಮೀಟರಿನ ಮುಳ್ಳು ನೋಡುತ್ತ, ಅದು ಎದ್ದು ಬೆಳಕು ವಾಪಸ್ ಬಂದದ್ದು ತೋರಿದ ಕೂಡಲೇ ಹೇಳಬೇಕು. ಶುರುಮಾಡುವಷ್ಟರಲ್ಲಿ ಕರೆಂಟು ಹೋಯಿತು.

"ನಾಳೆ ಮಾಡಿ ಸಾ," ಎಂದೆ.

"ನಾಳೆ ಚಿಪ್ ವಾಪಸ್ ಕೊಡ್ಬೇಕು ಕಣ್ರೀ. ಈ ಸಾಮಾನಿಗೆ ಯುಪಿಎಸ್ ಅದೆಯಲ್ಲ, ನಡೀತದೆ."

ಮೇಷ್ಟ್ರು ಉಸಿರು ಬಿಗಿಹಿಡಿದು ನಾಬ್ ತಿರುಗಿಸತೊಡಗಿದರು. ಸಾಮಾನು ಮಾರಿದವನು ನಾನು, ಹಿಂದೆಯೇ ನಿಂತು ಮುಳ್ಳು ನೋಡುತ್ತಿದ್ದೆ.

"ಮುಳ್ಳು ಅಲ್ಲಾಡ್ತೇನೇ?"

"ಇಲ್ಲ ಕಣ್ರೀ. ವಸಿ ಉಸಿರು ಬಿಡಿ, ಚಿಪ್ಪಿಗಿಂತ ಮುಂಚೆ ನೀವು ಸುಟ್ಟೋಗೀರ."

ಮೇಷ್ಟ್ರ ಬೆರಳು ಇನ್ನೊಂದು ಎಳೆಯಷ್ಟು ಸರಿಯಿತು... ಇನ್ನೊಂದು ಎಳೆ...

"ಬಂತು," ಎಂದರು ಆಕೆ.

"ಬರ್ಲಿ ಬಿಡು," ಎಂದು ಮೇಷ್ಟ್ರು ತಿರುಗಿಸುತ್ತಲೇ ಇದ್ದರು.

ಕರೆಂಟು ಹೋದ ಮನೆಯಲ್ಲಿ ಯಾರಾದರೂ ‘ಬಂತು’ ಎಂದರೆ ಕರೆಂಟೇ ಬಂತೆಂದು ಅರ್ಥ; ಮೇಷ್ಟ್ರೂ ಹಾಗೇ ತಿಳಿದಿದ್ದರು. ನಾನೂ ತಲೆಯೆತ್ತಿ ಫ್ಯಾನಿನ ಕಡೆ ನೋಡಿದೆ. ಅದು ಸುಮ್ಮನೆ ನಿಂತಿತ್ತು. ಕಣ್ಣು ಕೆಳಗಿಳಿಸುವಷ್ಟರಲ್ಲಿ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತ್ತು, ಚಿಪ್ಪು ಸುಟ್ಟುಹೋಗಿತ್ತು.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ನಾಬನ್ನು ಸೊನ್ನೆಗೆ ತಿರುಗಿಸಿ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು.

"ನೀನು ಸರಿಯಾಗೇ ಹೇಳ್ದೆ ಕಣೇ," ಎಂದರು ಆಮೇಲೆ. "ಹೋಗ್ಲಿ, ಬೆಳಕು ವಾಪಸ್ ಬಂದದ್ದನ್ನ ನೀನಾದ್ರೂ ನೋಡ್ದೆಯಲ್ಲ."

ಆ ಪಿಎಚ್.ಡಿ. ಅವರಿಗೆ ಬರಲೇ ಇಲ್ಲ. ಪಾಠ ಮಾಡಿಕೊಂಡಿದ್ದರು. ಹೋದ ವರ್ಷ ತೀರಿಕೊಂಡರಂತೆ. ನನಗೆ ಗೊತ್ತಾಗುವ ಹೊತ್ತಿಗೆ ತಿಥಿಯೂ ಕಳೆದಿತ್ತು...

ಇಬ್ಬರು ಸೇರಿ ನಾಜೂಕಿನ ಕೆಲಸಕ್ಕೆ ಕೂರುವವರು ನನ್ನ ಮಾತು ಕೇಳಿ. ನಿಲ್ಲಿಸುವುದಕ್ಕೆ ಯಾವ ಮಾತು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ದಿನಾ ಆಡುವ ಮಾತು ಬೇಡ. ಆ ಮಾತು ಕಿವಿಗೆ ಬಿದ್ದರೆ ಮೊದಲು ಕೈ ತೆಗೆಯಿರಿ, ಯಾಕೆಂದು ಆಮೇಲೆ ಕೇಳಿ.